ಮೊದಲ ಕೊಪ್ಪರಿಗೆಯ ಹಬೆ

ಹೋದ ತಿಂಗಳು ಘಟಪ್ರಭಾದಲ್ಲೊಂದು ಸೀಮಂತದ ವಿಡಿಯೋ ಮುಗಿಸಿಕೊಂಡು ಸಂಜೆ ಹುಕ್ಕೇರಿಗೆ ಹೊರಟಿದ್ದೆ. ಬೆಲ್ಲದ ಬಾಗೇವಾಡಿ ಇನ್ನೂ ಮುಂದಿದೆ ಎನ್ನುವಾಗಲೇ ಕಬ್ಬಿನ ಹಾಲು ಕುದಿಯುವ ವಾಸನೆ ಕಾರಿನೊಳಗೆ ನುಗ್ಗಿತು. ಬೇರೆಯವರಿಗೆ ಆ ವಾಸನೆಗೆ ಬಾಯಲ್ಲಿ ನೀರೂರುತ್ತದೆ, ನನಗೆ ಅಂಗೈ ಬೆವರುತ್ತದೆ. ಗಾಡಿಯನ್ನು ಪಕ್ಕಕ್ಕೆ ಹಾಕಿ ಇಳಿದೆ. ಕಬ್ಬಿನ ಗದ್ದೆಗಳ ಆಚೆ ಯಾರದೋ ಗಾಣದ ಮನೆಯಿಂದ ಬಿಳಿ ಹಬೆ ಮೇಲೇಳುತ್ತಿತ್ತು. ಅದನ್ನು ನೋಡುತ್ತ ನಿಂತಷ್ಟು ಹೊತ್ತೂ ನಮ್ಮ ನಾಟಕದ ಆ ಸುಗ್ಗಿ ಕಣ್ಣ ಮುಂದೆ ಬಂದು ಹೋಯಿತು.

ನಾನು ಮದುವೆ ವಿಡಿಯೋ ತೆಗೆಯುವವನು. ಹುಕ್ಕೇರಿಯಲ್ಲಿ ಸಣ್ಣದೊಂದು ಸ್ಟುಡಿಯೋ ಇದೆ. ಕ್ಯಾಮೆರಾ, ಪ್ರೊಜೆಕ್ಟರು, ವಧೂವರರು ಮೋಡದ ಮೇಲೆ ನಡೆದು ಬಂದಂತೆ ಕಾಣಿಸುವ ಹೊಗೆ ಯಂತ್ರ, ಹಿಂದೆ ತಾಜಮಹಲು ಕೂರಿಸಲು ಹಸಿರು ಪರದೆ, ಇವೇ ನನ್ನ ಬಂಡವಾಳ. ನಾಟಕಕ್ಕೂ ನನಗೂ ಎಣ್ಣೆ ಸೀಗೇಕಾಯಿ ಸಂಬಂಧ. ಆದರೆ ಕೌಜಲಗಿಯ ಈರಣ್ಣ ಮಾಸ್ತರರು ಎಂಬ ಡ್ರಾಯಿಂಗ್ ಮೇಷ್ಟ್ರು ಒಂದು ದಿನ ಸ್ಟುಡಿಯೋಕ್ಕೆ ಬಂದು, ಚಹಾ ಕುಡಿದು, ನನ್ನ ಪ್ರೊಜೆಕ್ಟರಿನ ಬೆನ್ನು ಸವರಿ, "ಇದನ್ನ ಬರೇ ಮದುವ್ಯಾಗ ಸಾಯಸ್ತೀಯೇನೋ ಮಲ್ಲಪ್ಪಾ" ಅಂದರು. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಅವರು ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹತ್ತಾರು ಮಂದಿಯನ್ನು ಕೂಡಿಸಿ ಪ್ರಯೋಗದ ನಾಟಕ ಮಾಡುತ್ತಿದ್ದರು. ಬಳಗಕ್ಕೊಂದು ಹೆಸರಿಡಲು ಇಡೀ ಮಳೆಗಾಲ ಜಗಳವಾಡಿದ್ದೆವು. ಯಾರ ಹೆಸರನ್ನೂ ಯಾರೂ ಒಪ್ಪದೆ ಕೊನೆಗೆ 'ತಂಡ' ಎಂದಷ್ಟೇ ಉಳಿಯಿತು. ಆ ವರ್ಷ ಮಾಸ್ತರರ ತಲೆಗೆ ಮಲ್ಟಿಮೀಡಿಯಾ ಎಂಬ ಪದ ಹೊಕ್ಕಿತ್ತು. ಒಂದೇ ಸುಗ್ಗಿಯಲ್ಲಿ ಮೂರು ಹೊಸ ನಾಟಕ, ಮೂರರಲ್ಲೂ ನಟರ ಜೊತೆ ಚಿತ್ರ, ಬೆಳಕು, ಧ್ವನಿಮುದ್ರಣ. ಒಂದೂ ರಂಗಮಂದಿರದಲ್ಲಿ ಅಲ್ಲ. ಮೊದಲನೆಯದು ಬೆಲ್ಲದ ಬಾಗೇವಾಡಿಯ ಗಾಣದ ಮನೆಯಲ್ಲಿ, ಕುದಿಯುವ ಕಬ್ಬಿನ ಹಾಲಿನ ಹಬೆಯೇ ಪರದೆ. ಎರಡನೆಯದು ಮೂಡಲಗಿಯ ದನದ ಸಂತೆಯ ಬಯಲಿನಲ್ಲಿ, ಮೂರನೆಯದು ಗೋಕಾಕದಲ್ಲಿ ಖಾಲಿ ಬಿದ್ದ ಹತ್ತಿಯ ಗೋದಾಮಿನಲ್ಲಿ. ಮೂರೂರಿನ ಬಸ್ ಸ್ಟ್ಯಾಂಡಿನಲ್ಲಿ ಪೋಸ್ಟರು ಹಚ್ಚಿ ಆಗಿತ್ತು. ಹಬೆಯ ಮೇಲೆ ಸಿನಿಮಾ ಬಿಡ್ತಾರಂತೆ ಎಂದು ಜನ ನನ್ನನ್ನು ತಡೆದು ನಿಲ್ಲಿಸಿ ನಗುತ್ತಿದ್ದರು. ನಾನೂ ನಕ್ಕು, ಒಳಗೊಳಗೇ ಮಾಸ್ತರರನ್ನು ಬೈಯುತ್ತಿದ್ದೆ.

ಮೂರೂ ನಾಟಕ ಬರೆದವಳು ಶೈಲಾ. ಗಾಣದ ಮನೆಯ ಯಜಮಾನ ಚನ್ನಪ್ಪ ಕಾಕಾನ ಸೊಸೆ. ಮೂಡಲಗಿಯ ಆಚೆಯ ಒಂದು ಹಳ್ಳಿಯಿಂದ ಬಾಗೇವಾಡಿಗೆ ಮದುವೆಯಾಗಿ ಬಂದವಳು. ಮೆಲುದನಿ, ಆದರೆ ಒಂದು ಮಾತು ಹಿಡಿದರೆ ಬಿಡುವವಳಲ್ಲ. ಅವಳ ಗಂಡ ಮಹಾಂತೇಶ ಸೊಸೈಟಿಯಲ್ಲಿ ಕೆಲಸಕ್ಕಿದ್ದ. ಹೆಂಡತಿಯ ಬರಹ ಅವನಿಗೆ ಹೆಮ್ಮೆ, ಅಪ್ಪ ಎಂದರೆ ಭಯ. ಇವೆರಡರ ನಡುವೆ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಿದ್ದ.

ಚನ್ನಪ್ಪ ಕಾಕಾ ಕೆಟ್ಟ ಮನುಷ್ಯನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಗ್ಗೆ ಎದ್ದು ಲಿಂಗಪೂಜೆ ಮಾಡಿ, ಹಣೆ ತುಂಬ ವಿಭೂತಿ ಧರಿಸಿ ಹೊರಬಿದ್ದರೆ ಕತ್ತಲಾಗುವತನಕ ದುಡಿಯುವ ಜೀವ. ಗಾಣದ ಮನೆಯನ್ನು ನಮಗೆ ಬಿಟ್ಟುಕೊಟ್ಟದ್ದೂ ಅವರೇ. ಸೊಸೆ ಬರೆಯುವುದಕ್ಕೂ ಅವರ ತಕರಾರಿರಲಿಲ್ಲ. ಅವರು ಹಾಕಿದ್ದು ಒಂದೇ ಕರಾರು. ಮಾಸ್ತರರನ್ನೂ ನನ್ನನ್ನೂ ಕಟ್ಟೆಯ ಮೇಲೆ ಕೂರಿಸಿಕೊಂಡು, "ಬರದರ ಬರೀಲಿ, ನಿಮಗ ಹೇಳಿಕೊಡಲಿ. ಆದರ ಊರ ಮಂದಿ ಮುಂದ ನಮ್ಮ ಮನಿ ಸೊಸಿ ಮಾರಿ ತೋರಸೂದು ಬ್ಯಾಡ. ಅದೊಂದು ಆತಂದ್ರ ನಾಟಕಾನೂ ಇಲ್ಲ, ಬರಿಯೂದೂ ಇಲ್ಲ" ಅಂದರು. ಮಾಸ್ತರರು ತಲೆಯಾಡಿಸಿದರು. ಅಂದರೆ ಅವಳ ಮುಖ ಒಮ್ಮೆ ಹೊರಬಿದ್ದರೆ ಮೂರೂ ನಾಟಕಗಳಿಗೆ ಮಣ್ಣು, ಅವಳ ಬರವಣಿಗೆಗೂ ಮಣ್ಣು. ಇದು ನಮಗೆಲ್ಲ ಸ್ಪಷ್ಟವಾಗಿ ಗೊತ್ತಿತ್ತು.

ಆ ಮೊದಲ ನಾಟಕದಲ್ಲಿ ಮೂವರು ಗಂಡಸರು ಬರುತ್ತಾರೆ. ಒಬ್ಬ ಅಪ್ಪ, ಒಬ್ಬ ಗಂಡ, ಒಬ್ಬ ಊರ ಹಿರಿಯ. ಮೂವರೂ ಒಬ್ಬ ಹೆಣ್ಣುಮಗಳ ಬಗ್ಗೆ ಮಾತಾಡುತ್ತಲೇ ಇರುತ್ತಾರೆ. ಅವಳು ಹಾಗೆ, ಅವಳು ಹೀಗೆ, ಅವಳಿಗೇನು ಕಡಿಮೆ ಮಾಡಿದ್ದೇವೆ ಎಂದು. ಅವಳು ಮಾತ್ರ ಎಲ್ಲೂ ಇಲ್ಲ. ಕಟ್ಟಕಡೆಗೆ ಹಬೆಯಲ್ಲಿ ಅವಳ ಮುಖ ಮೂಡಿ ಒಂದೇ ಒಂದು ಸಲ ಮಾತಾಡುತ್ತದೆ. ಆ ಮುಖಕ್ಕೆ ಗೋಕಾಕದ ಕಾಲೇಜು ಹುಡುಗಿಯೊಬ್ಬಳು ಒಪ್ಪಿದ್ದಳು. ಪೋಸ್ಟರು ಹಚ್ಚಿದ ಮೇಲೆ ಅವಳ ಮದುವೆ ಗೊತ್ತಾಯಿತು. ಗಂಡಿನ ಮನೆಯವರು ಬೇಡವೆಂದರಂತೆ. ಎರಡು ದಿನ ಮಾಸ್ತರರು ಗಡ್ಡ ಕೆರೆಯುತ್ತ ಕೂತರು. ಮೂರನೆಯ ದಿನ ಶೈಲಾ, ತಾನೇ ಆ ಮುಖ ಆಗುತ್ತೇನೆ ಎಂದಳು.

ಮಹಾಂತೇಶ ಅಪ್ಪನ ಕರಾರು ನೆನಪಿಸಿದ. ನಾನೂ ಬೇಡವೇ ಬೇಡ ಅಂದೆ. ಅವಳು ಮಾತ್ರ ಲೆಕ್ಕ ಹಾಕಿಕೊಂಡೇ ಬಂದಂತೆ ವಿವರಿಸಿದಳು. ಹಬೆ ಅಲುಗಾಡುತ್ತದೆ, ಮುಖವೂ ಅಲುಗಾಡುತ್ತದೆ, ಯಾರದೆಂದು ಯಾರೂ ಹೇಳಲಾರರು. ಕೊಪ್ಪರಿಗೆಯ ಆಚೆ ಗೋಡೆಯಿಲ್ಲ, ತೆರೆದ ಗದ್ದೆ, ಕತ್ತಲು. ಬೆಳಕು ಹೋಗಿ ಕತ್ತಲಲ್ಲಿ ಕರಗುತ್ತದೆ. ಧ್ವನಿಗೆ ಮಲ್ಲಣ್ಣ ಪ್ರತಿಧ್ವನಿ ಕೂಡಿಸಿದರೆ ಮುಗಿಯಿತು. ಮಾಸ್ತರರಿಗೆ ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. ಅಷ್ಟಾದರೂ ನಾನೊಂದು ಕೊಕ್ಕೆ ಹಾಕಿದೆ. ಮುಖವನ್ನು ನಾಟಕದ ನಡುವೆ ತರೋಣ, ಜನ ಮರೆತು ಮನೆಗೆ ಹೋಗುತ್ತಾರೆ ಎಂದೆ. ಅವಳು ಸುತಾರಾಂ ಒಪ್ಪಲಿಲ್ಲ. ಕೊನೆಗೇ ಬರಬೇಕು, ಪಾಕ ಬರುವ ಹೊತ್ತಿಗೇ ಬರಬೇಕು ಎಂದು ಕೂತಳು. ಬರೆದವರ ಹಟ ಎಂದು ಬಿಟ್ಟೆ.

ಶೂಟಿಂಗ್ ನನ್ನ ಸ್ಟುಡಿಯೋದಲ್ಲಿ ನಡೆಯಿತು. ಎಷ್ಟೋ ವಧುಗಳನ್ನು ನಗಿಸಿದ ಹಸಿರು ಪರದೆಯ ಮುಂದೆ ಶೈಲಾ ಕೂತಳು. ಮದುವೆ ವಿಡಿಯೋದಲ್ಲಿ ನಾನು ಹೇಳುವುದು ಒಂದೇ ಮಾತು, ಸ್ವಲ್ಪ ತಲೆ ತಗ್ಗಿಸಮ್ಮ ಎಂದು. ಅಭ್ಯಾಸಬಲದಿಂದ ಅವಳಿಗೂ ಅದನ್ನೇ ಹೇಳಿದೆ. ಅವಳು ತಲೆ ಎತ್ತಿ ನೇರ ಕ್ಯಾಮೆರಾ ನೋಡಿದಳು. ನನಗೆ ಕ್ಯಾಮೆರಾದ ಹಿಂದೆ ನಿಂತೂ ಕಣ್ಣು ತಪ್ಪಿಸಬೇಕೆನಿಸಿತು. ಮಹಾಂತೇಶ ಹೊರಗೆ ಮೋಟಾರ್ ಸೈಕಲ್ ಮೇಲೆ ಕೂತು, ಪರಿಚಯದವರು ಯಾರಾದರೂ ಬಂದರೆ ಹಾರ್ನ್ ಹೊಡೆಯುತ್ತೇನೆ ಎಂದು ಕಾವಲಿದ್ದ.

ಆ ವರ್ಷ ಮಳೆ ಹೋಗಲೇ ಇಲ್ಲ. ದೀಪಾವಳಿ ಕಳೆದ ಮೇಲೂ ಜಿಟಿಜಿಟಿ ಹನಿಯುತ್ತಿತ್ತು. ಗದ್ದೆಯಲ್ಲಿ ಕೆಸರು, ಕಬ್ಬು ಕಡಿಯಲು ಆಳು ಇಳಿಯುವಂತಿಲ್ಲ, ಗಾಣ ಶುರುವಾಗುವಂತಿಲ್ಲ. ಒಲೆ ಹೊತ್ತದ ಗಾಣದ ಮನೆಯಲ್ಲಿ ನಾವು ತಾಲೀಮು ನಡೆಸಿದೆವು. ಹಬೆಗೆ ಬದಲು ನನ್ನ ಮದುವೆಯ ಹೊಗೆ ಯಂತ್ರ. ಖಾಲಿ ಕೊಪ್ಪರಿಗೆಯಲ್ಲಿ ಅದನ್ನು ಇಟ್ಟು ಗುಂಡಿ ಒತ್ತಿದರೆ ದಟ್ಟ ಬಿಳಿ ಹೊಗೆ. ಅದರ ಮೇಲೆ ಮುಖ ಮೂಡಿ, ಕದಡಿ, ಮತ್ತೆ ಮೂಡುತ್ತಿತ್ತು. ಯಾರೂ ಗುರುತಿಸುವಂತಿರಲಿಲ್ಲ. ಊರ ಹಿರಿಯನ ಪಾತ್ರದ ಕಂಡಕ್ಟರ್ ದಾವಲಸಾಬ ಅಂತೂ ಇದು ನಮ್ಮ ಅಕ್ಕಾನ ಹಾಂಗ ಕಾಣತೈತಿ ಅಂದ. ನಮಗೆಲ್ಲ ಸಮಾಧಾನವಾಯಿತು. ಬೆಲ್ಲದ ಸೀಮೆಯಲ್ಲಿ ಹುಟ್ಟಿ ಬೆಳೆದ ನಾವು ಕುದಿಯುವ ಕೊಪ್ಪರಿಗೆಯನ್ನು ಮರೆತು ಮದುವೆ ಮಂಟಪದ ಹೊಗೆಯನ್ನು ನಂಬಿದೆವು.

ಕಬ್ಬು ಕಡಿಯುವ ದಿನ ಹತ್ತಿರವಾದಂತೆ ನನ್ನ ಊಟ ನಿದ್ದೆ ಕೆಟ್ಟಿತು. ಚನ್ನಪ್ಪ ಕಾಕಾ ತಾಲೀಮು ನೋಡಲು ಎಂದೂ ಬರಲಿಲ್ಲ. ದಾರಿಯಲ್ಲಿ ಸಿಕ್ಕಾಗ ಎಲ್ಲ ಹೊಂದಿಕಿ ಆತೇನಪಾ ಎಂದು ಕೇಳುತ್ತಿದ್ದರು. ಹೂಂ ಅಂದು ಬೇಗ ಬೇಗ ಮುಂದೆ ಹೋಗುತ್ತಿದ್ದೆ. ಒಬ್ಬ ಮನುಷ್ಯ ನಮ್ಮನ್ನು ನಂಬಿ ಜಾಗ ಕೊಟ್ಟಿದ್ದಾನೆ, ನಾವು ಅವನ ಮನೆಯಲ್ಲೇ ಅವನ ಮಾತು ಮೀರುತ್ತಿದ್ದೇವೆ. ಇನ್ನೊಂದು ಕಡೆ, ಮೂರು ನಾಟಕ ಬರೆದವಳು ತನ್ನ ಮುಖವನ್ನೇ ಬಚ್ಚಿಟ್ಟುಕೊಂಡು ಬದುಕಬೇಕೆನ್ನುವುದು ಯಾವ ನ್ಯಾಯ? ನನಗೆ ಎರಡೂ ಸರಿ ಎನಿಸಿ, ಎರಡೂ ತಪ್ಪೆನಿಸಿ ತಲೆ ಚಿಟ್ಟು ಹಿಡಿಯುತ್ತಿತ್ತು.

ಕೊನೆಗೊಮ್ಮೆ ಬಿಸಿಲು ಬಿತ್ತು. ಗಾಣ ತಿರುಗಿತು. ನಮ್ಮ ಕಡೆ ಸುಗ್ಗಿಯ ಮೊದಲ ಕೊಪ್ಪರಿಗೆ ಎಂದರೆ ಪೂಜೆ. ಒಲೆಗೆ, ಗಾಣಕ್ಕೆ ಕಾಯಿ ಒಡೆದು, ಬಂದವರಿಗೆಲ್ಲ ಕಬ್ಬಿನ ಹಾಲು, ಬಿಸಿ ಬೆಲ್ಲ ಕೊಟ್ಟು ಕಳಿಸಬೇಕು. ಯಾರನ್ನೂ ಬರಿಗೈಲಿ ಕಳಿಸುವಂತಿಲ್ಲ. ಆ ಮೊದಲ ಪಾಕವನ್ನು ಮನೆಯ ಹಿರಿಯನೇ ನಿಂತು ನೋಡಬೇಕು, ಅವನು 'ಇಳಸ್ರಿ' ಅನ್ನುವತನಕ ಕೊಪ್ಪರಿಗೆಗೆ ಯಾರೂ ಕೈ ಹಚ್ಚಬಾರದು. ಎಷ್ಟೇ ಪಳಗಿದ ಆಳಿದ್ದರೂ ಅಷ್ಟೇ. ಹೇಗೂ ಊರು ನೆರೆಯುತ್ತದೆಂದು ಮಾಸ್ತರರು ಆ ದಿನವನ್ನೇ ನಾಟಕಕ್ಕೆ ಇಟ್ಟಿದ್ದರು. ಹೊತ್ತು ಮುಳುಗುವಷ್ಟರಲ್ಲಿ ಅಂಗಳ ತುಂಬಿತು. ಹೆಂಗಸರು ಒಂದು ಬದಿ, ಗಂಡಸರು ಒಂದು ಬದಿ. ಮೂಡಲಗಿಯಿಂದ, ಗೋಕಾಕದಿಂದ ಬಂದವರು ಟ್ರ್ಯಾಕ್ಟರ್ ಟ್ರಾಲಿಗೆ ಒರಗಿ ನಿಂತರು. ಅದೇ ಟ್ರಾಲಿಯ ಮೇಲೆ ನಾನು, ನನ್ನ ಪ್ರೊಜೆಕ್ಟರು. ಶೈಲಾ ಹೆಂಗಸರ ನಡುವೆ ಸೆರಗು ಹೊದ್ದು ಕೂತಿದ್ದಳು.

ಚನ್ನಪ್ಪ ಕಾಕಾ ಮಡಿ ಧೋತರ, ಬಿಳಿ ನಿಲುವಂಗಿ ತೊಟ್ಟು ಬಂದರು. ಕೊಪ್ಪರಿಗೆಗೆ ಒಂದು ಸುತ್ತು ಹಾಕಿ, ನನ್ನ ಎದುರಿಗೆ, ಹಬೆಯ ಆ ಕಡೆ ಹೋಗಿ ನಿಂತರು. ಅವರು ಅಲ್ಲಿ ನಿಲ್ಲುತ್ತಾರೆಂದು ನಾನು ಯೋಚಿಸಿರಲಿಲ್ಲ. ಆದರೂ ಹಬೆ ಎಷ್ಟು ದಟ್ಟವಿತ್ತೆಂದರೆ ಅವರು ನನಗೆ ಕಾಣುತ್ತಲೇ ಇರಲಿಲ್ಲ.

ನಾಟಕ ಶುರುವಾಯಿತು. ಮೂವರು ಗಂಡಸರು ಕೊಪ್ಪರಿಗೆಯ ಸುತ್ತ ತಿರುಗುತ್ತ ಮಾತಾಡಿದರು. ಹಬೆಯ ಮೇಲೆ ಗದ್ದೆ, ದಾರಿ, ಬಾಗಿಲು, ಬಳೆ ತೊಟ್ಟ ಕೈ ಒಂದೊಂದಾಗಿ ಮೂಡಿ ಕರಗಿದವು. ಜನ ನಗುವಲ್ಲಿ ನಕ್ಕರು, ಅಪ್ಪನ ಪಾತ್ರ ಬಡಾಯಿ ಕೊಚ್ಚಿದಾಗ ಹೆಂಗಸರ ಕಡೆಯಿಂದ ಕೊಂಕು ಮಾತೂ ಬಂತು. ನನ್ನ ಜೀವಕ್ಕೆ ಸ್ವಲ್ಪ ನಿರಾಳವಾಯಿತು. ಅಷ್ಟರಲ್ಲಿ ಕುದಿತದ ಸದ್ದು ಬದಲಾಯಿತು. ಕೊತಕೊತ ಅನ್ನುತ್ತಿದ್ದದ್ದು ಗೊಳಕ್ ಗೊಳಕ್ ಅಂತು. ನಾನು ಕತ್ತೆತ್ತಿ ನೋಡಿದೆ. ಹಬೆ ಇಳಿಯುತ್ತಿತ್ತು.

ಹೌದು, ಪಾಕ ಗಟ್ಟಿಯಾದಂತೆ ಹಬೆ ಇಳಿಯುತ್ತದೆ. ನೀರಿನಂಶವೇ ಹೋದ ಮೇಲೆ ಹಬೆ ಎಲ್ಲಿಂದ ಬಂದೀತು? ಇದು ಗೊತ್ತಿರದವರು ಆ ಅಂಗಳದಲ್ಲಿ ಒಬ್ಬರೂ ಇರಲಿಲ್ಲ. ಎಲ್ಲ ಗೊತ್ತಿದ್ದೂ ನಾವು ಮುಖವನ್ನು ಆ ಹೊತ್ತಿಗೇ ಇಟ್ಟಿದ್ದೆವು. ಮುಂದಿನ ಚಿತ್ರ ಅದೇ. ನಾನು ಬೇರೇನಾದರೂ ಮಾಡುವ ಮೊದಲೇ ಅದು ಬಂತು.

ಮೊದಲು ಹಬೆಯ ಮೇಲೆ ಒಂದಿಷ್ಟು ಮಸುಕು ಮುಖ. ಗಾಳಿ ಬೀಸಿ ಅದೂ ಚದುರಿತು. ಆಚೆ ಚನ್ನಪ್ಪ ಕಾಕಾ, ಅವರ ಅಗಲವಾದ ಎದೆ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಅಂಗಿಯ ಮೇಲೆ ಅವರ ಸೊಸೆಯ ಮುಖ ಕಣ್ಣು, ಮೂಗು, ಹಣೆಯ ವಿಭೂತಿ ಸಮೇತ ಸ್ಪಷ್ಟವಾಗಿ ನಿಂತಿತು.

ಹೆಂಗಸರ ಕಡೆಯಿಂದ ಯಾರೋ ಮೆಲ್ಲಗೆ "ಶೈಲವ್ವ" ಅಂದರು. ಮಹಾಂತೇಶ ಟ್ರಾಲಿಯ ಗಾಲಿ ಹತ್ತಿ ನನ್ನ ಕಾಲು ಹಿಡಿದು, ಬಂದ್ ಮಾಡು, ಬಂದ್ ಮಾಡು ಎಂದು ಹಲ್ಲು ಕಚ್ಚಿ ಹೇಳುತ್ತಿದ್ದ. ನನ್ನ ಹೆಬ್ಬೆರಳು ಗುಂಡಿಯ ಮೇಲಿತ್ತು. ಒತ್ತಿದ್ದರೆ ಮುಗಿಯುತ್ತಿತ್ತು. ನಾನು ಶೈಲಾಳ ಕಡೆ ನೋಡಿದೆ. ಅವಳು ನನ್ನನ್ನು ನೋಡಲಿಲ್ಲ, ಮಾವನನ್ನೇ ನೋಡುತ್ತಿದ್ದಳು. ತಲೆಯ ಮೇಲಿನ ಸೆರಗು ಜಾರಿತ್ತು, ಅವಳು ಅದನ್ನು ಎತ್ತಿಕೊಳ್ಳಲಿಲ್ಲ. ನಾನು ಹೆಬ್ಬೆರಳನ್ನು ಗುಂಡಿಯಿಂದ ತೆಗೆದೆ.

ಕಾಕಾನಿಗೆ ಮೊದಲು ಏನೂ ತಿಳಿಯಲಿಲ್ಲ. ಊರೆಲ್ಲ ತನ್ನ ಎದೆಯನ್ನೇ ನೋಡುತ್ತಿದೆ ಎಂಬುದಷ್ಟೇ ಕಂಡಿರಬೇಕು. ಆಗ ಧ್ವನಿ ಬಂತು. ನಾನು ಎಷ್ಟು ಪ್ರತಿಧ್ವನಿ ಕೂಡಿಸಿದ್ದರೇನು, ದಿನಾ ಬೆಳಗ್ಗೆ ಚಹಾ ತಂದು ಕೂಗುವ ದನಿ ಅವರಿಗೆ ತಿಳಿಯದೆ ಇದ್ದೀತೆ? "ಮೂರೂ ಮಂದಿ ನನ್ನ ಬಗ್ಗೆ ಇಷ್ಟ ಮಾತಾಡಿದ್ರಿ. ಖರೆ ಎಷ್ಟ, ಸುಳ್ಳ ಎಷ್ಟ, ಅದು ಹೋಗಲಿ ಬಿಡ್ರಿ. ಒಬ್ಬರರೆ ನನ್ನ ಮಾರಿ ನೋಡಿ ಮಾತಾಡೀರೇನು?" ಕಾಕಾ ತಲೆ ಬಗ್ಗಿಸಿ ತಮ್ಮ ಅಂಗಿ ನೋಡಿಕೊಂಡರು. ಮೇಲಿನಿಂದ ನೋಡುವವರಿಗೆ ಏನು ಕಂಡೀತು, ಒಂದಿಷ್ಟು ಬೆಳಕು ಅಷ್ಟೇ. ಅವರು ಬಲಗೈಯನ್ನು ಎದೆಯ ಮುಂದೆ ಹಿಡಿದರು. ಅಂಗೈ ಮೇಲೆ ಅವಳ ಒಂದು ಕಣ್ಣು ಬಿತ್ತು.

ಅವರು ಪಕ್ಕಕ್ಕೆ ಸರಿಯುತ್ತಾರೆ ಎಂದುಕೊಂಡೆ. ಎರಡು ಹೆಜ್ಜೆ ಸರಿದಿದ್ದರೆ ಮುಖ ಕತ್ತಲೆಗೆ ಹೋಗುತ್ತಿತ್ತು. ಇಲ್ಲವೇ ನನ್ನ ಕಡೆ ನುಗ್ಗಿ ಬಂದು ಪ್ರೊಜೆಕ್ಟರನ್ನು ಒದೆಯುತ್ತಾರೆ ಎಂದುಕೊಂಡೆ. ಅವರು ಕೈ ಕೆಳಗಿಳಿಸಿದರು. ಕಾಲು ಸ್ವಲ್ಪ ಅಗಲಿಸಿ, ಬೆನ್ನು ನೆಟ್ಟಗೆ ಮಾಡಿ ನಿಂತರು. ಅಂಗಿಯ ನಿರಿಗೆ ಬಿಚ್ಚಿಕೊಂಡಿತು, ಅವಳ ಮುಖ ಇನ್ನೂ ಸ್ಪಷ್ಟವಾಯಿತು.

ಮುಖದ ಮಾತು ಇನ್ನೂ ಮುಗಿದಿರಲಿಲ್ಲ. ಒಲೆಯ ಬಳಿಯಿದ್ದ ಆಳು, ಪಾಕ ಬಂತ್ರಿ ಎಂದ. ಕಾಕಾ ಕದಲಲಿಲ್ಲ. ಆಳು ಮತ್ತೊಮ್ಮೆ, ದನಿ ಏರಿಸಿ ಹೇಳಿದ. ಕೊಪ್ಪರಿಗೆ ಎತ್ತಲು ನಿಂತವರು ಹಿಡಿಕೆಗೆ ಕೈ ಚಾಚಿ, ಅವರ ಬಾಯಿಂದ ಒಂದು ಮಾತಿಗೆ ಕಾದರು. ಬೆಲ್ಲದ ಬಣ್ಣ ನಮ್ಮ ಕಣ್ಣೆದುರೇ ಹೊನ್ನಿನಿಂದ ಕೆಂಪಿಗೆ, ಕೆಂಪಿನಿಂದ ಕಪ್ಪಿಗೆ ತಿರುಗಿತು. ಸುಟ್ಟ ವಾಸನೆ ಎದ್ದಿತು. ಜನ್ಮದಲ್ಲಿ ಒಂದೂ ಪಾಕ ಕೆಡಿಸದ ಮನುಷ್ಯ, ಸುಗ್ಗಿಯ ಮೊದಲ ಕೊಪ್ಪರಿಗೆ ಎದುರಿಗೇ ಕೆಡುತ್ತಿದ್ದರೂ, ಸೊಸೆಯ ಮಾತು ಮುಗಿಯುವತನಕ ಅಲ್ಲಾಡದೆ ನಿಂತ. ಚಿತ್ರ ಆರಿತು. ಅಂಗಿ ಬರಿ ಅಂಗಿಯಾಯಿತು. ಆಗ ಅವರು "ಇಳಸ್ರಿ" ಎಂದರು. ನಾನು ಟ್ರಾಲಿಯ ಮೇಲೆ ಕುಸಿದು ಕೂತು ಅತ್ತೆ. ಯಾಕೆ ಅಳು ಬಂತೆಂದು ಕೇಳಿದರೆ ಈಗಲೂ ಸರಿಯಾಗಿ ಹೇಳಲಾರೆ.

ಜನ ಚಪ್ಪಾಳೆ ತಟ್ಟಲಿಲ್ಲ, ಎದ್ದೂ ಹೋಗಲಿಲ್ಲ. ಪದ್ಧತಿಯಂತೆ ಬೆಲ್ಲಕ್ಕೆ ಕಾದು ನಿಂತರು. ಆಳುಗಳು ಆ ಕರಿ ಬೆಲ್ಲವನ್ನೇ ಒಡೆದು ಹಂಚಿದರು. ಕಲ್ಲಿನಂತಿತ್ತು. ಮುದುಕರೂ ಅದನ್ನು ದವಡೆಗಿಟ್ಟುಕೊಂಡು ಮರುಮಾತಿಲ್ಲದೆ ಚೀಪಿದರು. ಗುಂಪು ಕರಗುವಾಗ ನಾನು ಶೈಲಾಳ ಹತ್ತಿರ ಹೋಗಿ, ನನ್ನ ಹಾಳು ಹೊಗೆ ಯಂತ್ರ ನಮಗೆಲ್ಲ ಮೋಸ ಮಾಡಿತು, ಹಬೆ ಇಳಿಯುವುದನ್ನು ನಾನಾದರೂ ನೆನೆಯಬೇಕಿತ್ತು ಎಂದು ಏನೇನೋ ತೊದಲಿದೆ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಾಲಿನ ಲೋಟಗಳನ್ನು ಎತ್ತಿಡುತ್ತಿದ್ದಳು.

"ನನ್ನ ತವರಮನ್ಯಾಗೂ ಗಾಣ ಐತ್ರಿ, ಅಣ್ಣಾರ" ಅಂದಳು. "ಪಾಕ ಬರೂ ಹೊತ್ತಿಗೆ ಹಬಿ ಇಳಿತೈತಿ ಅನ್ನೂದು ನನಗ ಗೊತ್ತಿತ್ತು. ಮಾವಾರು ಎಲ್ಲಿ ನಿಂದರ್ತಾರ ಅನ್ನೂದೂ ಗೊತ್ತಿತ್ತು. ಅವರು ಸರಿತಾರೋ ನಿಂದರ್ತಾರೋ, ಅದೊಂದು ಗೊತ್ತಿರಲಿಲ್ಲ."

ಅಷ್ಟರಲ್ಲಿ ಚನ್ನಪ್ಪ ಕಾಕಾ ನಮ್ಮ ಕಡೆಗೇ ಬಂದರು. ಮಹಾಂತೇಶ ನನ್ನ ಬೆನ್ನ ಹಿಂದೆ ಸರಿದ. ಮಾಸ್ತರರು ಕೈ ಮುಗಿಯಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. ಕಾಕಾ ನಮ್ಮ ಯಾರ ಕಡೆಗೂ ನೋಡಲಿಲ್ಲ. ಸೊಸೆಯ ಮುಖವನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಮೂಡಲಗಿ ಸಂತ್ಯಾಗ ಗಾಣದ ಮನಿ ಇಲ್ಲ" ಅಂದರು. "ಅಲ್ಲಿ ಯಾರ ಅಂಗಿ ಮ್ಯಾಲೆ ಬರಾಕಿ?"

ಶೈಲಾ ಲೋಟಗಳನ್ನು ಕೆಳಗಿಟ್ಟಳು. "ಅಲ್ಲಿ ನಾನ ಬರ್ತೇನ್ರಿ, ಮಾವಾರ."

ಕಾಕಾ ಆಳುಗಳ ಕಡೆ ತಿರುಗಿ, ಕೊಪ್ಪರಿಗೆ ತಿಕ್ಕಿ ಎರಡನೆಯದಕ್ಕೆ ಹಾಲು ತುಂಬಿಸಲು ಹೇಳಿದರು. ನಾಲ್ಕು ಹೆಜ್ಜೆ ಹೋದವರು ನಿಂತು, ಹಿಂದಿರುಗಿ ನೋಡದೆಯೇ, ಮೂಡಲಗಿಯ ಆಟಕ್ಕೆ ಮನೆಯವರೆಲ್ಲ ಕೂತು ಹೋಗಲು ಟ್ರಾಲಿ ತೊಳೆದಿಡು ಎಂದು ಮಹಾಂತೇಶನಿಗೆ ಕೂಗಿ ಹೇಳಿದರು.